ಅಜ್ಜನ ಮನೆ ಕೆಡವಬೇಕೆ, ಉಳಿಸಿಕೊಂಡು ಎರಡು ಕೋಣೆ ಸೇರಿಸಬೇಕೆ?

ಪ್ರಶ್ನೆ: ನಾಪೋಕ್ಲು ಸಮೀಪ ನಮ್ಮ ಕಾಫಿ ತೋಟದೊಳಗೆ ಅಜ್ಜ ಕಟ್ಟಿಸಿದ ಮನೆಯಿದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದ್ದು ಎಂದು ತಂದೆ ಹೇಳುತ್ತಾರೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಸುಮಾರು 1,400 ಚದರಡಿ. ಮಾಡು (ಚಾವಣಿ) ಮೂರು ಕಡೆ ಸೋರುತ್ತದೆ, ಅಡುಗೆಮನೆಯ ಗೋಡೆ ಮಳೆಗಾಲವಿಡೀ ಒದ್ದೆ. ತಂದೆ ತಾಯಿ ಇಬ್ಬರಿಗೂ ಎಪ್ಪತ್ತು ದಾಟಿದೆ, ಬಚ್ಚಲುಮನೆ ಹೊರಗಿದೆ. ಸ್ನಾನಗೃಹ ಸೇರಿದ ಎರಡು ಕೋಣೆ ಬೇಕು. ಒಬ್ಬ ಗುತ್ತಿಗೆದಾರರು ಮನೆಯ ಹಿಂದಿನ ಬರೆಯನ್ನು (ಗುಡ್ಡದ ಇಳಿಜಾರನ್ನು) ಏಳೆಂಟು ಅಡಿ ಕಡಿದು ಅಲ್ಲಿ ಕೋಣೆ ಕಟ್ಟಿ, ಹಳೆಯದನ್ನೂ ದುರಸ್ತಿ ಮಾಡಿಕೊಡಲು 18 ಲಕ್ಷ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಇನ್ನೊಬ್ಬರು, ಹಳೆಯ ಮನೆಗೆ ಸುರಿಯುವ ದುಡ್ಡು ದಂಡ, ಕೆಡವಿ 1,800 ಚದರಡಿಯ ಹೊಸ ಮನೆ ಕಟ್ಟೋಣ, 45 ಲಕ್ಷ ಎನ್ನುತ್ತಾರೆ. ನನ್ನ ಕೈಯಲ್ಲಿರುವುದು 25 ಲಕ್ಷ. ಏನು ಮಾಡಲಿ?

ಉತ್ತರ: ಕೆಡವಬೇಡಿ. ಹಾಗೆಂದು 18 ಲಕ್ಷದ ಆ ಹಾಳೆಗೂ ಸಹಿ ಹಾಕಬೇಡಿ. ನಿಮ್ಮ ಮನೆಯ ಮಾಡಿನ ಒಂದು ಹೆಂಚನ್ನೂ ಎತ್ತಿ ನೋಡದೆ ಬರೆದ ಲೆಕ್ಕ ಅದು. ಹಳೆಯ ಮನೆಯ ಖರ್ಚು ಗೋಡೆಯ ಒಳಗೆ, ಮಾಡಿನ ಅಡಿಯಲ್ಲಿ, ನೆಲದ ಕೆಳಗೆ ಅಡಗಿರುತ್ತದೆ. ಅದನ್ನು ಬಿಚ್ಚಿ ನೋಡುವವರೆಗೆ ಯಾರು ಹೇಳಿದ ಮೊತ್ತವೂ ಊಹೆಯೇ, ನಾನು ಮುಂದೆ ಹೇಳಲಿರುವ ಅಂಕಿಗಳೂ ಸೇರಿ.

ಹಾಗಾಗಿ ಮೊದಲ ಖರ್ಚು ನೋಡುವುದಕ್ಕೇ ಆಗಲಿ. ಅನುಭವವುಳ್ಳ ಬಡಗಿ ಒಬ್ಬರು, ಗಾರೆ ಕೆಲಸದವರು ಒಬ್ಬರು, ಜೊತೆಗೆ ಗುತ್ತಿಗೆಯ ಆಸೆಯಿಲ್ಲದ ಒಬ್ಬ ಎಂಜಿನಿಯರ್, ಎರಡು ದಿನದ ಕೆಲಸ. ಹತ್ತು ಹದಿನೈದು ಸಾವಿರದಲ್ಲಿ ಮುಗಿಯುತ್ತದೆ. ಸೋರುವ ಮೂರು ಕಡೆಯಲ್ಲೂ, ಸೋರದ ಒಂದು ಕಡೆಯಲ್ಲೂ ಹೆಂಚು ತೆಗೆಸಿ. ಹೆಂಚು ಕೂರುವ ರೀಪು, ಅದನ್ನು ಹೊರುವ ಪಕ್ಕಾಸುಗಳಿಗೆ ಚೂಪಾದ ಸ್ಕ್ರೂಡ್ರೈವರ್ ಚುಚ್ಚಿ ನೋಡಲಿ. ಗಟ್ಟಿ ಮರ ಅದನ್ನು ತಡೆಯುತ್ತದೆ, ಗೆದ್ದಲು ತಿಂದದ್ದು ಬೆಣ್ಣೆಯಂತೆ ಬಿಟ್ಟುಕೊಡುತ್ತದೆ. ಮುಖ್ಯವಾಗಿ ತೊಲೆಯ ತುದಿಗಳನ್ನು, ಅಂದರೆ ಗೋಡೆಯೊಳಗೆ ಹೂತುಹೋದ ಭಾಗವನ್ನು, ಬಿಡಿಸಿ ನೋಡಬೇಕು. ಮರ ಮೊದಲು ಕೊಳೆಯುವುದೇ ಅಲ್ಲಿ. ಕೋಣೆಯ ನಡುವೆ ನಿಂತು ಮೇಲೆ ನೋಡುವವರಿಗೆ ಅದು ಕಾಣುವುದಿಲ್ಲ. ಅಡುಗೆಮನೆಯ ಗೋಡೆಯ ಬುಡದಲ್ಲಿ ಎರಡು ಕಡೆ ಗಾರೆ ಕೆರೆಸಿ, ಒಳಗಿನ ಮಣ್ಣು ಉಗುರಿಗೆ ಪುಡಿಯಾಗಿ ಬರುತ್ತದೆಯೇ, ಮುದ್ದೆಯಾಗಿ ಬರುತ್ತದೆಯೇ ಎಂದು ನೋಡಿ. ಮುದ್ದೆಯಾಗಿ ಬಂದರೆ ಅಲ್ಲಿ ನೀರು ಇನ್ನೂ ಹತ್ತುತ್ತಲೇ ಇದೆ ಎಂದರ್ಥ.

ಬರೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಮನೆಯ ಹಿಂದೆ ಏಳೆಂಟು ಅಡಿ ನೇರವಾಗಿ ಕಡಿಯುವ ಮಾತನ್ನು ದಯವಿಟ್ಟು ಅಲ್ಲಿಗೇ ನಿಲ್ಲಿಸಿ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನಮ್ಮ ಜಿಲ್ಲೆಗೆ ಏನು ಮಾಡಿತೆಂದು ನಿಮಗೆ ನಾನು ನೆನಪಿಸಬೇಕಿಲ್ಲ. ಆ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಮನೆಗೆ, ವಸತಿಗೃಹಕ್ಕೆಂದು ಗುಡ್ಡದ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದು ಗುರುತಿಸಿತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಮತ್ತೆ ಜೀವ ತೆಗೆದುಕೊಂಡಿತು. ಎಪ್ಪತ್ತು ವರ್ಷ ಬೇರು ಹಿಡಿದು ನಿಂತ ಇಳಿಜಾರಿನ ಕಾಲನ್ನು ಜೆಸಿಬಿ ಎರಡು ಗಂಟೆಯಲ್ಲಿ ಕತ್ತರಿಸುತ್ತದೆ. ಆಮೇಲೆ ಅದರ ಬುಡದಲ್ಲೇ ವಯಸ್ಸಾದ ಇಬ್ಬರನ್ನು ಮಲಗಿಸುವುದು ನನಗೆ ಒಪ್ಪಿಗೆಯಿಲ್ಲ.

ದುಡ್ಡಿನ ಲೆಕ್ಕದಲ್ಲಿ ನೋಡಿದರೂ ಅದು ಸೋಲುವ ಕೆಲಸ. ಕಡಿದ ಬರೆಗೆ ತಡೆಗೋಡೆ ಬೇಕು. ಎಂಟು ಅಡಿ ಎತ್ತರ, ನಲವತ್ತು ಅಡಿ ಉದ್ದದ ತಡೆಗೋಡೆಯನ್ನು ಸರಿಯಾದ ಪಾಯ, ಹಿಂಬದಿಗೆ ಜಲ್ಲಿಯ ಪದರ, ನೀರು ಹೊರಬರುವ ರಂಧ್ರಗಳೊಂದಿಗೆ ಕಟ್ಟಿದರೆ ಅದೊಂದೇ ಕೆಲವು ಲಕ್ಷ ನುಂಗುತ್ತದೆ. ನಿಮಗೆ ಕೊಟ್ಟ ಹಾಳೆಯಲ್ಲಿ ತಡೆಗೋಡೆಯ ಹೆಸರೇ ಇಲ್ಲದಿದ್ದರೆ ಆ 18 ಲಕ್ಷ ಹೇಗೆ ಬಂತೆಂದು ನಿಮಗೇ ತಿಳಿಯುತ್ತದೆ. ಹೊಸ ಕೋಣೆಗಳು ಅಡುಗೆಮನೆಯ ಪಕ್ಕಕ್ಕೋ ಕಾಫಿ ಒಣಗಿಸುವ ಕಣದ ಒಂದು ಮೂಲೆಗೋ ಬರಲಿ. ಕಣ ಚಿಕ್ಕದಾಗುತ್ತದೆ ಎಂದು ನಿಮ್ಮ ತಂದೆ ಬೇಸರಪಟ್ಟಾರು. ಅವರ ಜೊತೆ ಕುಳಿತು ಮಾತನಾಡಿ.

ಇನ್ನು ಕೆಡವುವ ಮಾತು. ಚದರಡಿಗೆ 2,500 ರೂಪಾಯಿಯಂತೆ 1,800 ಚದರಡಿಗೆ 45 ಲಕ್ಷ. ಗುಣಾಕಾರ ಸರಿಯಾಗಿಯೇ ಇದೆ, ನಮ್ಮ ಕಡೆ ಸಾಧಾರಣ ಕೆಲಸಕ್ಕೆ ಆ ದರವೂ ನಂಬುವಂಥದ್ದೇ. ಆದರೆ ಅದರಲ್ಲಿ ಕೆಡವಿದ ಮಣ್ಣು ಸಾಗಿಸುವ ಖರ್ಚಿಲ್ಲ. ಲಾರಿ ಮನೆಯವರೆಗೆ ಬಾರದಿದ್ದರೆ ತೋಟದ ದಾರಿಯಲ್ಲಿ ಪಿಕಪ್‌ನಲ್ಲಿ ಮತ್ತೆ ತುಂಬಿ ತರುವ ಖರ್ಚಿಲ್ಲ. ಒಂದು ವರ್ಷ ತಂದೆ ತಾಯಿ ಎಲ್ಲಿರುತ್ತಾರೆ ಎಂಬುದೂ ಇಲ್ಲ. ಮತ್ತೊಂದು ಮಾತು ಕೇಳಿಕೊಳ್ಳಿ: ಕೆಡವುವುದಕ್ಕೆ ದುಡ್ಡು ಬೇಡ, ಹಳೆಯ ಮರ ನಮಗಿರಲಿ ಎಂದು ಅವರು ಹೇಳಿದ್ದಾರೆಯೇ? ಆ ಕಾಲದ ಮನೆಗಳಲ್ಲಿ ಬೀಟೆ, ತೇಗ, ಹೊನ್ನೆ, ಹೆಬ್ಬಲಸು ಸಾಮಾನ್ಯವಾಗಿದ್ದವು. ಒಂದು ಜೊತೆ ಹಳೆಯ ಬಾಗಿಲು, ನಾಲ್ಕು ಕಂಬ, ಹತ್ತು ತೊಲೆಗೆ ಇವತ್ತು ಏನು ಬೆಲೆಯೆಂದು ಮನೆಯವರಿಗಿಂತ ಕೆಡವುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂಥ ಮರ ಬೇಕೆಂದರೂ ಈಗ ಸುಲಭವಾಗಿ ಸಿಗದು. ಸ್ವಂತ ತೋಟದ ಮರವನ್ನು ಕಡಿಯುವುದಕ್ಕೂ 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ.

ಈಗ ನಿಮ್ಮ ಮಾಡಿಗೆ ಬರೋಣ. ಖರ್ಚಿನ ದೊಡ್ಡ ಪಾಲು, ತಪ್ಪು ಲೆಕ್ಕದ ದೊಡ್ಡ ಪಾಲು ಎರಡೂ ಇಲ್ಲೇ. ಮನೆ 1,400 ಚದರಡಿ ಎಂದರೆ ಮಾಡೂ ಅಷ್ಟೇ ಎಂದು ಅನೇಕರು ತಿಳಿದಿರುತ್ತಾರೆ. ಮನೆಯನ್ನು 40 ಅಡಿ ಉದ್ದ, 35 ಅಡಿ ಅಗಲ ಎಂದುಕೊಳ್ಳಿ. ನಾಲ್ಕೂ ಕಡೆ ಮೂರು ಅಡಿ ಸೂರು ಹೊರಚಾಚಿದರೆ 46 ಅಡಿಗೆ 41 ಅಡಿ, ಅಂದರೆ 1,886 ಚದರಡಿ. ಮಾಡು ಇಳಿಜಾರು; 30 ಡಿಗ್ರಿ ಇಳಿಜಾರಿಗೆ ಇನ್ನೂ ಶೇಕಡ 15ರಷ್ಟು ಸೇರಿಸಬೇಕು. ಕೊನೆಗೆ ಮಾಡಿನ ಮೈ ಸುಮಾರು 2,200 ಚದರಡಿ. ನೂರು ಚದರಡಿಗೆ ಸುಮಾರು 140 ಹೆಂಚು ಹಿಡಿದರೆ 3,100 ಹೆಂಚು. ಒಂದೊಂದು ಎರಡೂವರೆ ಕಿಲೋ ಎಂದರೂ ಎಂಟು ಟನ್ನಿನ ಹತ್ತಿರ, ಆಷಾಢದ ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ಈ ಭಾರವನ್ನೆಲ್ಲ ಹೊತ್ತಿರುವುದು ನೀವು ಚುಚ್ಚಿ ನೋಡಲಿರುವ ಆ ಪಕ್ಕಾಸುಗಳು.

ಪಕ್ಕಾಸು, ತೊಲೆಗಳು ಬಹುಪಾಲು ಗಟ್ಟಿಯಿದ್ದು, ರೀಪು ಪೂರ್ತಿ ಬದಲಿಸಿ, ಒಡೆದ ಹೆಂಚು ಮಾತ್ರ ಹೊಸದು ಹಾಕಿ ಮತ್ತೆ ಹೊದಿಸುವುದಾದರೆ ನನ್ನ ಅಂದಾಜು ನಾಲ್ಕರಿಂದ ಆರು ಲಕ್ಷ. ಮರವೆಲ್ಲ ಹೋಗಿದ್ದು ಕಬ್ಬಿಣದ ಚೌಕಟ್ಟು ಹಾಕಬೇಕಾದರೆ ಎಂಟರಿಂದ ಹತ್ತು. ಬಿಚ್ಚಿ ನೋಡದೆ ಲೆಕ್ಕ ಕೊಡಬಾರದು ಎಂದದ್ದು ಇದಕ್ಕೇ. ಒಂದೇ ಮಾಡಿಗೆ ಇಷ್ಟು ಅಂತರ. ಹಳೆಯ ಹೆಂಚನ್ನು ಎಸೆಯಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮೊದಲ ಕಾರ್ಖಾನೆ ತೆರೆದಂದಿನಿಂದ ಬಂದ ಈ ಹೆಂಚು ಚೆನ್ನಾಗಿ ಸುಟ್ಟಿದ್ದರೆ ತಲೆಮಾರುಗಳ ಕಾಲ ಬಾಳುತ್ತದೆ. ಬೆರಳಿನಿಂದ ತಟ್ಟಿದರೆ ಕಂಚಿನಂತೆ ಸದ್ದು ಕೊಡುವುದನ್ನು ಇಟ್ಟುಕೊಳ್ಳಿ, ಮಂಕು ಸದ್ದು ಬಂದದ್ದನ್ನು ಬಿಡಿ. ಆದರೆ ಬೇರೆ ಕಾರ್ಖಾನೆಯ ಹೊಸ ಹೆಂಚು ಹಳೆಯದರ ಕಚ್ಚಿಗೆ ಸರಿಯಾಗಿ ಕೂರುವುದಿಲ್ಲ. ಉಳಿದ ಹಳೆಯ ಹೆಂಚನ್ನೆಲ್ಲ ಒಂದೇ ಮಗ್ಗುಲಿಗೆ, ಹೊಸದನ್ನೆಲ್ಲ ಇನ್ನೊಂದು ಮಗ್ಗುಲಿಗೆ ಹಾಕಿಸಿ. ಬೆರೆಸಿದರೆ ಮತ್ತೆ ಸೋರುತ್ತದೆ.

ಗೋಡೆ ಒದ್ದೆಯಾಗುವುದಕ್ಕೆ ಸಿಮೆಂಟ್ ಗಾರೆ ಬಳಿದು, ಮೇಲೆ ನೀರು ತಡೆಯುವ ಬಣ್ಣ ಹೊಡೆಯಿರಿ ಎನ್ನುವವರಿದ್ದಾರೆ. ಮಣ್ಣಿನ ಗೋಡೆಗೆ ಇದು ಉಸಿರು ಕಟ್ಟಿಸಿದಂತೆ. ಒಳಗೆ ಹತ್ತಿದ ತೇವ ಹೊರಹೋಗಲು ದಾರಿಯಿಲ್ಲದೆ ಮಣ್ಣು ಮೆತ್ತಗಾಗುತ್ತದೆ, ಎರಡು ಮಳೆಗಾಲದಲ್ಲಿ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಹಳೆಯ ಮನೆಗಳ ಸುತ್ತ ವರ್ಷ ವರ್ಷವೂ ಮಣ್ಣು, ತರಗೆಲೆ ಸೇರಿ ಅಂಗಳ ಮೇಲೇರಿರುತ್ತದೆ. ಒಂದು ಕಾಲಕ್ಕೆ ಎರಡು ಅಡಿ ಎತ್ತರವಿದ್ದ ಜಗಲಿ ಈಗ ಆರಂಗುಲ ಉಳಿದಿರುತ್ತದೆ. ಆ ಮಣ್ಣು ತೆಗೆಸಿ, ಗೋಡೆಯ ಸುತ್ತ ಮೂರು ಅಡಿ ಹೊರಕ್ಕೆ ಇಳಿಜಾರಾದ ಕಲ್ಲಿನ ಹಾಸು, ಅದರಾಚೆ ಚರಂಡಿ ಮಾಡಿಸಿ. ಬರೆಯ ತಲೆಯ ಮೇಲಿನ ನೀರನ್ನೂ ಕಾಲುವೆ ಹೊಡೆದು ಪಕ್ಕಕ್ಕೆ ತಿರುಗಿಸಿ. ಒಂದು, ಒಂದೂವರೆ ಲಕ್ಷದ ಕೆಲಸ ಇದು. ನೋಡಲು ಚಂದವಿಲ್ಲ, ಬಂದ ನೆಂಟರಿಗೆ ತೋರಿಸಲಾಗದು. ಆದರೂ ನೀವು ಖರ್ಚು ಮಾಡುವ 25 ಲಕ್ಷದಲ್ಲಿ ಇಷ್ಟು ಬೆಲೆಬಾಳುವ ದುಡ್ಡು ಬೇರೊಂದಿಲ್ಲ. ಗೋಡೆ ಒಂದು ಬೇಸಿಗೆ ಒಣಗಿದ ಮೇಲೆ ಕೆಟ್ಟ ಭಾಗಕ್ಕೆ ಸುಣ್ಣದ ಗಾರೆ ಹಾಕಿಸಿ. ಅದನ್ನು ಬಲ್ಲವರು ಈಗ ಕಡಿಮೆ, ಕೂಲಿಯೂ ಹೆಚ್ಚು. ಕಾದರೂ ಸರಿ, ಅವರನ್ನೇ ಕರೆಸಿ. ಕಾವಿಯ ನೆಲ ಇದ್ದರೆ ಮುಟ್ಟಲೇಬೇಡಿ. ಅದರ ಮೇಲೆ ಹೊಳಪಿನ ಟೈಲ್ಸ್ ಮುಚ್ಚಿದರೆ ನೆಲದಿಂದ ಏಳುತ್ತಿದ್ದ ತೇವವೆಲ್ಲ ಗೋಡೆ ಹತ್ತುತ್ತದೆ.

ಹೊಸ ಕೋಣೆಗಳ ಬಗ್ಗೆ ನನ್ನದೊಂದು ತಪ್ಪನ್ನು ಹೇಳುತ್ತೇನೆ. ಕೆಲಸ ಆರಂಭಿಸಿದ ಹೊಸದರಲ್ಲಿ ಮೂರ್ನಾಡು ಕಡೆಯ ಒಂದು ಮನೆಗೆ ಹಳೆಯ ಮಣ್ಣಿನ ಗೋಡೆಗೇ ಅಂಟಿಸಿ ಕಾಂಕ್ರೀಟ್ ತಾರಸಿಯ ಕೋಣೆ ಕಟ್ಟಿಸಿದೆ. ಒಂದು ಗೋಡೆಯ ಖರ್ಚು ಉಳಿಯುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಹೊಸ ಪಾಯ ಮೊದಲ ಮಳೆಗಾಲದಲ್ಲಿ ಸ್ವಲ್ಪ ಕುಳಿತಿತು, ಹಳೆಯದು ಕದಲಲಿಲ್ಲ. ನಡುವೆ ಬೆರಳು ತೂರುವ ಬಿರುಕು ಬಿಟ್ಟಿತು. ಹೆಂಚಿನ ಮಾಡಿನ ನೀರೆಲ್ಲ ತಾರಸಿಯ ಅಂಚಿಗೆ ಬಿದ್ದು ಆ ಬಿರುಕಿನೊಳಗೆ ಇಳಿಯಿತು. ಮುಂದಿನ ವರ್ಷ ಆ ಗೋಡೆಯನ್ನೇ ಬಿಚ್ಚಿ ಕಟ್ಟಬೇಕಾಯಿತು. ಆ ಮನೆಯ ಅಜ್ಜಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಹೊಸದು ಹಳೆಯದಕ್ಕೆ ಅಂಟದಿರಲಿ. ಐದಾರು ಅಡಿ ದೂರದಲ್ಲಿ ತನ್ನದೇ ಪಾಯ, ತನ್ನದೇ ನಾಲ್ಕು ಗೋಡೆ, ತನ್ನದೇ ಮಾಡಿನೊಂದಿಗೆ ನಿಲ್ಲಲಿ. ನಡುವೆ ನಾಲ್ಕು ಅಡಿ ಅಗಲದ ಮುಚ್ಚಿದ ಓಣಿ. ಅದರ ಪುಟ್ಟ ಮಾಡು ಎರಡೂ ಕಟ್ಟಡಗಳ ಸೂರಿನ ಅಡಿಗೆ ಒಂದಡಿ ತೂರಿ, ನೀರನ್ನು ಎರಡು ಪಕ್ಕಕ್ಕೆ ಚೆಲ್ಲಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಬಚ್ಚಲುಮನೆ, ಸೌದೆ ಕೊಟ್ಟಿಗೆ ಬೇರೆ ಬೇರೆಯಾಗಿ ನಿಂತಿದ್ದುದನ್ನು ನೀವೂ ಕಂಡಿದ್ದೀರಿ. ಮೇಲೆ ಸಪಾಟು ತಾರಸಿ ಬೇಡ. ನಾಪೋಕ್ಲು, ಭಾಗಮಂಡಲದ ಮಳೆಗೆ ತಾರಸಿ ಹಾಕಿದವರು ನಾಲ್ಕು ವರ್ಷದಲ್ಲಿ ಅದರ ಮೇಲೆ ಮತ್ತೆ ಶೀಟಿನ ಮಾಡು ಹಾಕಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಒಂದೇ ಕೋಣೆಗೆ ಎರಡು ಮಾಡಿನ ದುಡ್ಡು. ಕುಶಾಲನಗರದಲ್ಲಿ ಅದೇ ತಾರಸಿ ನಡೆದೀತು, ಅಲ್ಲಿನ ಮಳೆಯೇ ಬೇರೆ. ಗುತ್ತಿಗೆದಾರರು ಯಾವ ಊರಿನ ಮಳೆಯಲ್ಲಿ ಕೆಲಸ ಕಲಿತವರು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಿಟಕಿ ಬಾಗಿಲುಗಳ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸುವುದನ್ನು ಮರೆಯಬೇಡಿ. 2022ರ ಜೂನ್ ಕೊನೆಯಲ್ಲಿ ಚೆಂಬು ಕಡೆ ನೆಲ ನಡುಗಿದ್ದು ನೆನಪಿರಲಿ.

ವಯಸ್ಸಾದವರಿಗೆಂದು ಕಟ್ಟುವಾಗ ಹೊಸ್ತಿಲಿಲ್ಲದ ಸಮನೆಲ, ಮೂರು ಅಡಿಯ ಬಾಗಿಲು, ಜಾರದ ಟೈಲ್ಸ್, ಹಿಡಿದೇಳಲು ಗೋಡೆಯಲ್ಲಿ ಕಂಬಿ, ಹೊರಕ್ಕೆ ತೆರೆಯುವ ಸ್ನಾನಗೃಹದ ಬಾಗಿಲು ಇಷ್ಟನ್ನು ಈಗಲೇ ಸೇರಿಸಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತೆರೆಯಲಾಗದು. ಈಗ ಇದಕ್ಕೆ ಕೆಲವು ಸಾವಿರ ಸಾಕು, ಆಮೇಲೆ ಒಡೆದು ಮಾಡುವುದಕ್ಕೆ ಲಕ್ಷ ಬೇಕು.

ಈಗ ಕೂಡಿಸೋಣ. ಓಣಿಯೂ ಸೇರಿ ಹೊಸ ಭಾಗ 450 ಚದರಡಿ ಎಂದುಕೊಂಡರೆ ಸುಮಾರು 12 ಲಕ್ಷ. ಚಿಕ್ಕ ಕಟ್ಟಡದಲ್ಲಿ ಎರಡು ಸ್ನಾನಗೃಹ ಇರುವುದರಿಂದ ಚದರಡಿಯ ದರ ಇಡೀ ಮನೆಗಿಂತ ಹೆಚ್ಚೇ ಬೀಳುತ್ತದೆ. ಮಾಡಿಗೆ 5, ಗೋಡೆಗೆ ಒಂದೂವರೆ, ಕಲ್ಲಿನ ಹಾಸು, ಚರಂಡಿಗೆ ಒಂದೂಕಾಲು, ಬಾವಿಯಿಂದ ಕನಿಷ್ಠ 50 ಅಡಿ ದೂರದಲ್ಲಿ ಹೊಸ ಶೌಚಗುಂಡಿಗೆ 1, ವಿದ್ಯುತ್ ತಂತಿ ಪೂರ್ತಿ ಬದಲಿಸಿ ಅರ್ಥಿಂಗ್ ಸರಿಪಡಿಸಲು 2 ಲಕ್ಷ. ಆ ಕಾಲದ ತಂತಿಗೆ ಗೀಸರ್ ಜೋಡಿಸುವುದು ಅಪಾಯ. ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಯಲ್ಲಿ ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿಯನ್ನೂ ಕೊಡಿ. ಒಟ್ಟು 22 ಲಕ್ಷದ 75 ಸಾವಿರ. ಇದರ ಮೇಲೆ ಹಳೆಯ ಭಾಗದ ಕೆಲಸಕ್ಕೆ ಶೇಕಡ 20, ಹೊಸದಕ್ಕೆ ಶೇಕಡ 7 ಅನಿರೀಕ್ಷಿತಕ್ಕೆಂದು ಇಟ್ಟರೆ ಇನ್ನೂ 3 ಲಕ್ಷ. ನಿಮ್ಮ 25ನ್ನು ಸ್ವಲ್ಪ ದಾಟಿತು. ಮಾಡಿನ ಮರ ಕೈಕೊಟ್ಟರೆ ಇನ್ನೂ ನಾಲ್ಕೈದು ಲಕ್ಷ ದಾಟುತ್ತದೆ.

ಹಾಗೆ ದಾಟಿದರೆ ಮಾಡು, ಚರಂಡಿಯ ಹಣಕ್ಕೆ ಕೈಹಾಕಬೇಡಿ. ಹೊಸ ಭಾಗವನ್ನು 300 ಚದರಡಿಗೆ ಇಳಿಸಿ: ತಂದೆ ತಾಯಿಗೆ ಒಂದೇ ವಿಶಾಲವಾದ ಕೋಣೆ, ಒಂದು ಸ್ನಾನಗೃಹ. ಎರಡನೆಯ ಕೋಣೆಗೆ ಜಾಗ ಬಿಟ್ಟಿರಿ, ಮುಂದೆ ನೋಡೋಣ. ಸುಮಾರು ನಾಲ್ಕು ಲಕ್ಷ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ, ಅದರಿಂದ ಎಷ್ಟು ಉಳಿಯುತ್ತದೆ ಎಂದು ಅನೇಕರು ಕೇಳುತ್ತಾರೆ. ನಿಮ್ಮ ಕೆಲಸಕ್ಕೆ 250 ಚೀಲ ಹಿಡಿದು ಚೀಲಕ್ಕೆ ಮೂವತ್ತು ರೂಪಾಯಿ ಇಳಿದರೆ ಏಳೂವರೆ ಸಾವಿರ. ಹಳೆಯ ದರಪಟ್ಟಿಯಾದರೆ ತಿದ್ದಿಸಿಕೊಳ್ಳಿ, ಅದಕ್ಕಿಂತ ಹೆಚ್ಚು ಆಸೆ ಬೇಡ.

ಸಾಲ ಮಾಡುವ ಯೋಚನೆಯಿದ್ದರೆ ಕಾಗದಪತ್ರದ ಕೆಲಸವನ್ನು ಇವತ್ತೇ ಶುರುಮಾಡಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗವಾಗಿದ್ದು ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಪರವಾಗಿ ಹೆಸರಿರುವ ಹಿರಿಯರ) ಜೊತೆ ಒಕ್ಕದ, ಅಂದರೆ ವಂಶದ, ಹಲವರ ಹೆಸರಿದ್ದರೆ ಬ್ಯಾಂಕ್ ಎಲ್ಲರ ಸಹಿ ಕೇಳುತ್ತದೆ, ಒಬ್ಬರು ದುಬೈಯಲ್ಲಿ, ಒಬ್ಬರು ಸೇನೆಯಲ್ಲಿ ಇರುತ್ತಾರೆ. ಗ್ರಾಮ ಪಂಚಾಯಿತಿಯಿಂದ ಕಟ್ಟಡ ಪರವಾನಗಿ ಹೊಸ ಭಾಗಕ್ಕೂ ಬೇಕು. ತೆರಿಗೆ ವಿನಾಯಿತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ: ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿಯಷ್ಟೇ ಮಿತಿ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಮನೆ ತಂದೆಯವರ ಹೆಸರಿನಲ್ಲೇ ಇದ್ದರೆ ಸಾಲ ನೀವು ಕಟ್ಟಿದರೂ ವಿನಾಯಿತಿ ನಿಮಗೆ ಸಿಗುವುದಿಲ್ಲ.

ಗುತ್ತಿಗೆಯನ್ನು ಎರಡು ಪತ್ರವಾಗಿ ಮಾಡಿ. ಹೊಸ ಭಾಗಕ್ಕೆ ಚದರಡಿಯ ದರ ನಿಗದಿ ಮಾಡಬಹುದು. ಹಳೆಯ ಭಾಗಕ್ಕೆ ಇಡೀ ಮೊತ್ತ ಬೇಡ, ಅಳತೆಯ ದರ ಇರಲಿ: ರೀಪಿಗೆ ಅಡಿಗಿಷ್ಟು, ಗಾರೆಗೆ ಚದರಡಿಗಿಷ್ಟು, ತೆಗೆದು ಜೋಡಿಸುವ ಹೆಂಚಿಗಿಷ್ಟು. ವಾರಕ್ಕೊಮ್ಮೆ ಅಳೆದು ಇಬ್ಬರೂ ಸಹಿ ಹಾಕಿ. ಮತ್ತೆ, ಒಟ್ಟು ಹಣದಲ್ಲಿ ಶೇಕಡ 5ನ್ನು ಒಂದು ಕಕ್ಕಡ (ಜೋರು ಮಳೆಯ ಆಷಾಢದ ತಿಂಗಳು) ಕಳೆಯುವವರೆಗೆ ಕೊಡುವುದಿಲ್ಲವೆಂದು ಮೊದಲೇ ಬರೆಸಿ. ತನ್ನ ಕೆಲಸದ ಮೇಲೆ ಭರವಸೆಯಿರುವ ಮೇಸ್ತ್ರಿ ಇದಕ್ಕೆ ಒಪ್ಪುತ್ತಾರೆ.

ಕೆಲಸದ ಕ್ರಮ ಹೀಗಿರಲಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಹೊತ್ತಿಗೆ ಚರಂಡಿ ಮುಗಿಸಿ. ನವೆಂಬರಿನಲ್ಲಿ ಹೊಸ ಭಾಗದ ಪಾಯ ಹಾಕಿದರೆ ಜನವರಿ ಕೊನೆಗೆ ತಂದೆ ತಾಯಿ ಅಲ್ಲಿಗೆ ಬರಬಹುದು. ಬಾಡಿಗೆ ಮನೆ ಹುಡುಕುವ ಕಷ್ಟ ತಪ್ಪುತ್ತದೆ. ಫೆಬ್ರುವರಿಯಲ್ಲಿ ಹಳೆಯ ಮಾಡು ಬಿಚ್ಚಿ. ಆಗ ರೊಬಸ್ಟಾ ಕೊಯ್ಲು ಜೋರಿರುವುದರಿಂದ ಕೈಯಾಳುಗಳು ಸಿಗುವುದು ಕಷ್ಟ, ಬಡಗಿಗಳಿಗೆ ದೀಪಾವಳಿಯಲ್ಲೇ ಮುಂಗಡ ಕೊಟ್ಟಿರಿ. ಇಡೀ ಮಾಡನ್ನು ಒಟ್ಟಿಗೆ ತೆರೆಯದೆ ಒಂದೊಂದೇ ಮಗ್ಗುಲು ತೆರೆಯಿರಿ, ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಹೇಳಿ ಬರುವುದಿಲ್ಲ. ಏಪ್ರಿಲ್ ಕೊನೆಗೆ ಕೊನೆಯ ಮೂಲೆಹೆಂಚು ಕೂತಿರಬೇಕು.

ಅಲ್ಲಿಯವರೆಗೆ ಒಂದು ಕೆಲಸ ತಂದೆಯವರಿಗೆ ಒಪ್ಪಿಸಿ. ಮಳೆ ಜೋರಾಗಿ ಹಿಡಿದ ದಿನ ನೆಲದಲ್ಲಿ ಹನಿ ಬೀಳುವ ಜಾಗಕ್ಕೂ ಗೋಡೆಯಲ್ಲಿ ತೇವ ಏರಿದ ಮಟ್ಟಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು ನಿಮಗೆ ಕಳುಹಿಸಲಿ. ಹೆಂಚು ತೆಗೆಸುವ ದಿನ ಬಡಗಿಯ ಕೈಗೆ ಆ ಚಿತ್ರಗಳನ್ನು ಕೊಡಿ.